ಮುಯ್ಯಾಳಿಗೆ ಹೋದ ನಾಜಿಯಾ

ನಾಜಿಯಾ ಹಳಿಯಾಳದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಆದರೆ ಹತ್ತು ವರ್ಷಕ್ಕೂ ಮೇಲಾಯಿತು, ಅದೇ ಕಾಲೇಜು, ಸ್ಟಾಫ್ ರೂಮಿನ ಮೂಲೆಯ ಅದೇ ಅಲುಗಾಡುವ ಕುರ್ಚಿ. ಪರೀಕ್ಷೆ ಮುಗಿದ ಕೂಡಲೇ ಸರಕಾರ ಇಂಥವರನ್ನು ಮನೆಗೆ ಕಳಿಸುತ್ತದೆ. ಮಳೆ ಹಿಡಿದು ಭತ್ತದ ಸಸಿ ಗೇಣುದ್ದ ಆದ ಮೇಲೆ, ಮತ್ತೆ ಅರ್ಜಿ ಹಾಕಿರಿ ಅನ್ನುತ್ತದೆ. ಈಕೆ ಹಾಕುತ್ತಾಳೆ.

ಊರು ಕಾಡಿನಂಚಿನಲ್ಲಿ, ಡಾಂಬರು ಮುಗಿಯುವಲ್ಲಿ. ಕೆಲವು ಮನೆ ಮುಸಲ್ಮಾನ ಸಿದ್ದಿಗಳದ್ದು, ಹಳ್ಳ ದಾಟಿದರೆ ಕ್ರೈಸ್ತ ಸಿದ್ದಿಗಳದ್ದು, ಆಚೆ ಮರಾಠರ ಕೇರಿ. ನಾಜಿಯಾ ಸಿದ್ದಿ ಹೆಣ್ಣುಮಗಳು. ಬಸ್ಸಿಗೆ ಹೊಸ ಕಂಡಕ್ಟರು ಬಂದರೆ ಆಕೆಯ ಮುಖ, ಕೂದಲು ನೋಡಿ ಯಾವುದೋ ದೇಶದಿಂದ ದಾಂಡೇಲಿ ನೋಡಲು ಬಂದವಳು ಅಂದುಕೊಂಡು ಇಂಗ್ಲಿಷಿನಲ್ಲಿ ಟಿಕೆಟ್ ಕೇಳುತ್ತಾನೆ. ಆಕೆ ಆಧಾರ್ ಕಾರ್ಡು ಮುಂದೆ ಹಿಡಿದು, "ಹಳಿಯಾಳ ಒಂದು, ಫ್ರೀ ಟಿಕೀಟು ಕೊಡ್ರಿ" ಅಂದಾಗ ಅವನ ಮುಖ ಇಳಿಯುತ್ತದೆ. ಹಿಂದಿನ ಸೀಟಿನ ಮುದುಕಿಯರು ನಗುತ್ತಾರೆ. ನಾಜಿಯಾಳೂ ನಗುತ್ತಾಳೆ. ನಕ್ಕು ನಕ್ಕು ಸಾಕಾಗಿದೆ, ಆದರೂ ನಗುತ್ತಾಳೆ.

ತಂದೆ ಇಲ್ಲ. ತಾಯಿ ಬಿಬಿಜಾನ್ ಅತಿಕ್ರಮಣದ ತುಂಡು ಗದ್ದೆಯಲ್ಲಿ ಭತ್ತ ಬೆಳೆದು, ಕಾಡಿನಿಂದ ಕಟ್ಟಿಗೆ ಹೊತ್ತು ಮಗಳನ್ನು ಓದಿಸಿದಳು. ಆ ಊರಲ್ಲಿ ಕೂಲಿಯವರನ್ನು ಕರೆಯುವ ತಾಕತ್ತು ಯಾರಿಗೂ ಇಲ್ಲ. ಮುಯ್ಯಾಳಿನಿಂದಲೇ ಬೇಸಾಯ ನಡೆಯುತ್ತದೆ. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನದಕ್ಕೆ ನೀನು ಬರುತ್ತೀ. ಸಿದ್ದಿಯ ಗದ್ದೆಗೆ ಮರಾಠ, ಮರಾಠನ ಗದ್ದೆಗೆ ಸಿದ್ದಿ. ಯಾರೂ ಬರೆದಿಡುವುದಿಲ್ಲ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವುದೇ ಒಂದು ಅವಮಾನ. ತಿರುಗಿ ಬಾರದವನ ಗದ್ದೆಯ ಕಡೆ ಮರುವರ್ಷ ಯಾರೂ ಹಾಯುವುದಿಲ್ಲ, ಅಷ್ಟರಲ್ಲೇ ಅವನಿಗೆ ತಿಳಿಯುತ್ತದೆ. ಇನ್ನೊಂದು ಮಾತು. ತನ್ನ ಗದ್ದೆಯಲ್ಲಿ ತಾನು ಸೊಂಟ ಮುರಿದುಕೊಂಡು ದುಡಿದರೂ ಅದು ಮುಯ್ಯಿ ಅಲ್ಲ. "ನನ್ನ ಗದ್ದೇಕ ನಾನ ಎಷ್ಟ ಸಲ ಹೋಗೀನಿ ನೋಡ್ರಿ" ಅಂತ ಊರ ಮುಂದೆ ಹೇಳಿಕೊಂಡರೆ ಜನ ತಲೆ ಕೆಟ್ಟಿದೆ ಅಂದಾರು.

ಮುಂದೆ ನಾಜಿಯಾಳ ಗುರುವಾದ ಅಂದಾನೆಪ್ಪನೂ ಇಂಥ ಊರಿನವನೇ. ಮುಂಡಗೋಡ ತಾಲೂಕಿನ ಲಿಂಗಾಯತ ರೈತರ ಮನೆ, ಮೆಕ್ಕೆಜೋಳ, ಭತ್ತ. ಮುಯ್ಯಾಳು ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರಣ್ಯ ಹಕ್ಕಿನ ಹೋರಾಟದಲ್ಲಿ ಅವನು ನಮ್ಮ ಸಂಘಟನೆಯ ಹುಡುಗ. ಅನಮೋಡದಿಂದ ಹಳಿಯಾಳಕ್ಕೆ ಜಾಥಾ ಹೊರಟಾಗ ಹೆಗಲಿಗೆ ಹಲಗೆ ಹಾಕಿಕೊಂಡು ಬಾರಿಸುತ್ತ ನಡೆದವನು. ಕರಪತ್ರ ಬರೆಯುವವನು ಅವನೇ. ಫಾರೆಸ್ಟಿನವರು ಗುಡಿಸಲು ಕಿತ್ತಾಗ ಮಣ್ಣಲ್ಲಿ ಕೂತು ಹೆಂಗಸರ ಹೇಳಿಕೆ ಬರೆದುಕೊಂಡವನು ಅವನೇ. ಆ ಜಾಥಾದಲ್ಲಿ ಬಿಬಿಜಾನಳ ಮನೆಯಲ್ಲಿ ಉಂಡ. ಹೈಸ್ಕೂಲಿನಲ್ಲಿದ್ದ ನಾಜಿಯಾ ಅಂಕಪಟ್ಟಿ ತಂದು ತೋರಿಸಿದಳು. ನೋಡಿ ಬಿಬಿಜಾನಳಿಗೆ ಅಂದ:

"ಈಕಿನ್ನ ಓದಸ್ರಿ ಬಿಬಿಜಾನಕ್ಕ. ಮುಂದಿಂದಕ್ಕ ನಾ ಅದೀನಿ."

ಅವತ್ತಿನಿಂದ ಆಕೆಗೆ ಅವನು ಅಂದಾನೆಪ್ಪ ಕಾಕಾ. ಮುಂದೆ ಅವನಿಗೆ ವಿಶ್ವವಿದ್ಯಾಲಯದಲ್ಲಿ ನೌಕರಿ ಆಯಿತು, ಕಾಕಾ ಸರ್ ಆದ. ನಾಜಿಯಾ ಎಂ.ಎ. ಮುಗಿಸಿ ಅವನ ಕೈಕೆಳಗೇ ಪಿಎಚ್.ಡಿ.ಗೆ ಸೇರಿದಳು. ಬೇರೆ ಯಾರ ಹತ್ತಿರ ಹೋಗಬೇಕಿತ್ತು?

ಆಕೆಯ ವಿಷಯ ಮುಯ್ಯಾಳೇ. ಹಳಿಯಾಳ, ಜೋಯಿಡಾದ ಊರುಗಳಲ್ಲಿ ಯಾರ ಗದ್ದೆಗೆ ಯಾರು ಹೋಗುತ್ತಾರೆ, ಜಾತಿ ಧರ್ಮ ದಾಟಿ ಈ ವ್ಯವಹಾರ ಹೇಗೆ ನಿಂತಿದೆ, ಎಲ್ಲಿ ಮುರಿಯಿತು, ಯಾಕೆ ಮುರಿಯಿತು. ಅಣಶಿಯ ಕಾಡಿನ ಊರುಗಳಲ್ಲಿ ತಿಂಗಳುಗಟ್ಟಲೆ ಇದ್ದಳು. ಅಲ್ಲಿಯವರ ಜೊತೆ ಕೊಂಕಣಿಯಲ್ಲಿ ಮಾತಾಡಿದಳು, ಕೆಸರಿಗಿಳಿದು ಸಸಿ ನೆಟ್ಟಳು. ಮೊದಲ ಪ್ರಬಂಧ ಬರೆದು, ಮೇಲೆ ತನ್ನ ಹೆಸರು ಹಾಕಿ, ಪ್ರಿಂಟ್ ತೆಗೆದು ಅಂದಾನೆಪ್ಪನ ಮೇಜಿನ ಮೇಲಿಟ್ಟಳು.

ಅವನು ಓದಿದ. ಭಾಳ ಚಲೋ ಆಗೇತಿ ಅಂದ. ಪೆನ್ನು ತೆಗೆದು ಆಕೆಯ ಹೆಸರಿನ ಮೇಲೆ ತನ್ನ ಹೆಸರು ಬರೆದ.

"ಗೈಡ್ ಹೆಸರು ಮೊದಲ ಬರತೈತಿ ಮಗಳ. ಇಲ್ಲಿ ಪದ್ಧತಿ ಹಿಂಗ."

ಕೊನೆಯ ಪುಟದ ಪಟ್ಟಿಯನ್ನೂ ನೋಡಿದ. ಯಾರ ಯಾರ ಬರಹ ಓದಿ ಇದನ್ನು ಬರೆದೆ ಅಂತ ಹೇಳುವ ಪಟ್ಟಿ ಅದು. ಅದಕ್ಕೆ ಉಲ್ಲೇಖ ಅನ್ನುತ್ತಾರೆ. ಅದರಲ್ಲಿ ತನ್ನ ಹಳೆಯ ಲೇಖನಗಳನ್ನು ಸೇರಿಸಲು ಹೇಳಿದ. ಅವುಗಳಲ್ಲಿ ಒಂದರಲ್ಲಿ ಮುಯ್ಯಾಳಿನ ಬಗ್ಗೆ ಒಂದೇ ಸಾಲು ಇತ್ತು, ಉಳಿದವುಗಳಲ್ಲಿ ಅದೂ ಇರಲಿಲ್ಲ. ನಾಜಿಯಾ ಸೇರಿಸಿದಳು.

ಮನೆಗೆ ಬಂದು ತಾಯಿಯ ಮುಂದೆ ಹೇಳಿದಳು. ಬಿಬಿಜಾನಳಿಗೆ ಅಕ್ಷರ ಬರುವುದಿಲ್ಲ, ಆದರೆ ಗದ್ದೆ ಅರ್ಥವಾಗುತ್ತದೆ. ಹಾಗಾಗಿ ಮಗಳು ಗದ್ದೆಯ ಮಾತಿನಲ್ಲೇ ಹೇಳಿದಳು. ಈಗ ನಾನು ಸರ್ ಗದ್ದೆಗೆ ಹೋಗಿದ್ದೇನೆ, ಮುಂದೆ ಅವರು ನಮ್ಮ ಗದ್ದೆಗೆ ಬರುತ್ತಾರೆ ಅಂತ.

"ಯಾವಾಗ ಬರ್ತಾರಂತ?"

"ಅದನ್ನ ಕೇಳ್ತಾರೇನ ಅಮ್ಮಾ?"

ಬಿಬಿಜಾನ್ ಒಪ್ಪಿದಳು. ಕೇಳುವುದಿಲ್ಲ.

ಅಲ್ಲೇ ತಪ್ಪಿತು. ಊರಿನ ಕಾಯಿದೆ ಹೊತ್ತುಕೊಂಡು ಹೋಗಿ ಅದು ನಡೆಯದ ಜಾಗದಲ್ಲಿ ಇಟ್ಟಳು. ನಾಲ್ಕು ಪ್ರಬಂಧ ಬರೆದಳು. ನಾಲ್ಕರಲ್ಲೂ ಅಂದಾನೆಪ್ಪನ ಹೆಸರು ಮೇಲೆ, ಇವಳದ್ದು ಕೆಳಗೆ.

ಓದಿದವರ ಜಗತ್ತಿನಲ್ಲಿ ಮನುಷ್ಯನನ್ನು ಅಳೆಯಲು ಒಂದು ಅಂಕ ಇದೆ. ಎಚ್ ಇಂಡೆಕ್ಸ್ ಅಂತ ಅದರ ಹೆಸರು. ನಿನ್ನ ಹತ್ತು ಪ್ರಬಂಧಗಳನ್ನು, ಒಂದೊಂದನ್ನೂ ಹತ್ತು ಸಲವಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದರೆ ನಿನ್ನ ಅಂಕ ಹತ್ತು. ಹನ್ನೊಂದಾಗಬೇಕಾದರೆ ಹನ್ನೊಂದು ಪ್ರಬಂಧ, ಒಂದೊಂದಕ್ಕೂ ಹನ್ನೊಂದು. ಎಣಿಸುವುದು ಯಂತ್ರ. ಹೊಗಳಿದರೋ ಬೈದರೋ ಅದು ನೋಡುವುದಿಲ್ಲ. ಬೇರೆಯವರು ಉಲ್ಲೇಖಿಸಿದರೋ ಬರೆದವನೇ ತನ್ನನ್ನು ಉಲ್ಲೇಖಿಸಿಕೊಂಡನೋ ಅನ್ನುವುದನ್ನೂ ಬೇರೆ ಮಾಡು ಅಂದರೆ ಮಾತ್ರ ಮಾಡುತ್ತದೆ. ಪ್ರಮೋಷನ್ನು, ಸಮಿತಿಯ ಸದಸ್ಯತ್ವ, ವಿಮಾನದ ಟಿಕೆಟ್ಟು, ಎಲ್ಲ ಈ ಅಂಕದ ಹಿಂದೆ ಬರುತ್ತವೆ.

ಅಂದಾನೆಪ್ಪ ಇದನ್ನು ಬೇಗ ಕಲಿತ. ಯಾವ ಹಳೇ ಲೇಖನಕ್ಕೆ ಒಂದೆರಡು ಕಮ್ಮಿ ಬಿದ್ದಿದೆ ಅಂತ ನೋಡುವುದು, ಹೊಸದು ಬರೆದಾಗ ಅದನ್ನು ಅದರಲ್ಲಿ ತುರುಕುವುದು. ಒಲೆಯಲ್ಲಿ ಯಾವ ಕೊಳ್ಳಿ ಮುಂದೆ ನೂಕಬೇಕು ಅಂತ ನೋಡಿ ನೋಡಿ ನೂಕಿದ ಹಾಗೆ. ಅವನೊಬ್ಬನ ಹೆಸರಿನಲ್ಲೇ ಅಚ್ಚಾಗುವ ಕೆಲವು ಲೇಖನಗಳನ್ನು ನಾಜಿಯಾಳೇ ಬರೆದುಕೊಡುತ್ತಿದ್ದಳು, ಈ ತುರುಕುವ ಕೆಲಸವನ್ನೂ ಆಕೆಯಿಂದಲೇ ಮಾಡಿಸುತ್ತಿದ್ದ. ಫೋನು ಬರುತ್ತಿತ್ತು.

"ಮಗಳ, ಬಿದಿರಿನ ಲೇಖನಕ್ಕ ಎರಡು ಕಡಿಮಿ ಬಿದ್ದಾವು. ಎಲ್ಲೆರ ಸೇರಸು."

"ಸರ್, ಇದು ಸೂಪಾ ಡ್ಯಾಮಿನಾಗ ಊರು ಮುಳುಗಿದವರ ಬಗ್ಗೆ ಐತ್ರಿ. ಬಿದಿರು ಎಲ್ಲಿ ಹಚ್ಚಲಿ?"

"ಮುಳುಗಿದ ಊರಾಗ ಬಿದಿರು ಇರಲಿಲ್ಲೇನ? ಹಚ್ಚು."

ನಾಜಿಯಾ ಹಚ್ಚಿದಳು. ಆಗ ಅದನ್ನು ಸ್ಟಾಫ್ ರೂಮಿನಲ್ಲಿ ನಗೆಮಾತಾಗಿ ಹೇಳುತ್ತಿದ್ದಳು. ತನ್ನ ಕೆಲಸವನ್ನು ತಾನು ಉಲ್ಲೇಖಿಸುವುದೇ ಪಾಪ ಅಂತ ಆಕೆ ಎಂದೂ ಅಂದವಳಲ್ಲ. ಹೋದ ವರ್ಷದ ಕೆಲಸದ ಮೇಲೆ ಈ ವರ್ಷದ್ದು ಕಟ್ಟಿದರೆ ಹೇಳಲೇಬೇಕು, ಇಲ್ಲವಾದರೆ ಓದುವವನಿಗೆ ಬುಡ ಸಿಗುವುದಿಲ್ಲ. ಆದರೆ ಬಿದಿರು ಬುಡ ಅಲ್ಲ. ಅದು ಎಣಿಕೆಗೆ ಹಾಕಿದ ಹುಲ್ಲು. ಆ ಹುಲ್ಲು ತಿಂದೇ ಅಂದಾನೆಪ್ಪನ ಅಂಕ ಕೊಬ್ಬಿತು. ಸಿದ್ದಿಗಳ ವಿಷಯದಲ್ಲಿ ರಾಜ್ಯದಲ್ಲೇ ಎಲ್ಲರಿಗಿಂತ ಹೆಚ್ಚು ಉಲ್ಲೇಖಗೊಂಡ ವಿದ್ವಾಂಸ ಅಂತ ಆಮಂತ್ರಣ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿತು. ಯಾರು ಉಲ್ಲೇಖಿಸಿದರು ಅಂತ ಯಾರೂ ಕೇಳಲಿಲ್ಲ.

ಈಗ ಒಂದು ಹುದ್ದೆಯ ಮಾತು. ಕಾಳಿ ನದಿಯ ಸೀಮೆಯ ಜನರ ಬದುಕಿನ ಬಗ್ಗೆ ಒಂದು ಅಧ್ಯಯನ ಕೇಂದ್ರ ಆಗಬೇಕು, ಅದು ದಾಂಡೇಲಿಯಲ್ಲೇ ಆಗಬೇಕು ಅಂತ ಸಂಘಟನೆ ಬೀದಿಗಿಳಿದಿತ್ತು. ಬಂದವರೆಲ್ಲ ನದಿಯಲ್ಲಿ ರಬ್ಬರ್ ದೋಣಿ ಬಿಟ್ಟು ಕಿರುಚಿ ಹೋಗುತ್ತಾರೆ, ನಮ್ಮ ಬಗ್ಗೆ ನಾವೇ ಬರೆಯುವ ಒಂದು ಜಾಗ ಇರಲಿ ಅಂತ. ಕೊನೆಗೆ ಕೇಂದ್ರ ಮಂಜೂರಾಯಿತು. ಖಾಯಂ ಸಂಶೋಧಕರ ಹುದ್ದೆ ಒಂದೇ. ಒಂದೇ ಹುದ್ದೆಗೆ ಮೀಸಲಾತಿ ಬರುವುದಿಲ್ಲ ಅಂತ ಹೇಳಿದರು. ಇರಲಿ, ನಮ್ಮ ನಾಜಿಯಾ ಯಾವ ಸಾಲಿನಲ್ಲಿ ನಿಂತರೂ ಮುಂದೆ ಬರುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಆಕೆಗೆ ಇದು ಕೊನೆಯ ಬಸ್ಸು. ಮರುವರ್ಷ ವಯಸ್ಸಿನ ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಸಾಯುವವರೆಗೂ ಅತಿಥಿಯೇ.

ಆಯ್ಕೆ ಸಮಿತಿಯಲ್ಲಿ ವಿಷಯ ತಜ್ಞ ಅಂದಾನೆಪ್ಪ. ಯಾರಿಗೆ ಎಷ್ಟು ಉಲ್ಲೇಖ ಇದೆ ಅಂತ ನೋಡಿ ಅಂಕ ಕೊಡುವುದು ಅಂತ ಆಗಿತ್ತು. ಅರ್ಜಿ ಹಾಕಿದವರಲ್ಲಿ ಹೊರ ಜಿಲ್ಲೆಯ ಒಬ್ಬನಿದ್ದ, ಅವನ ಉಲ್ಲೇಖಗಳು ನೂರಕ್ಕೂ ಹೆಚ್ಚು. ಅಂದಾನೆಪ್ಪನ ಇನ್ನೊಬ್ಬ ವಿದ್ಯಾರ್ಥಿ ಲೋಕೇಶ ಇದ್ದ. ನಾಜಿಯಾಳಿಗಿಂತ ಭಾಳ ಚಿಕ್ಕವನು, ತಣ್ಣನೆಯ ಹುಡುಗ. ನಾಜಿಯಾಳ ಪ್ರಬಂಧಗಳಿಗೆ ಮೂವತ್ತರ ಆಸುಪಾಸು ಉಲ್ಲೇಖ, ಲೋಕೇಶನಿಗೆ ಅದಕ್ಕೂ ಕಮ್ಮಿ.

ಹೊರಗಿನವನ ನೂರನ್ನು ನಾಜಿಯಾ ಕೂತು ಬಿಡಿಸಿ ನೋಡಿದಳು. ಹತ್ತಕ್ಕೆ ಒಂಬತ್ತು ಅವನೇ ಅವನನ್ನು ಉಲ್ಲೇಖಿಸಿಕೊಂಡಿದ್ದ. ಸಂಘಟನೆಯ ಆಫೀಸಿಗೆ ಬಂದು, ಇದು ಮೋಸ, ತಾನು ತನ್ನನ್ನೇ ಹೇಳಿಕೊಂಡದ್ದನ್ನು ತೆಗೆದು ಎಣಿಸಬೇಕು ಅಂತ ನಾವು ಕೇಳಬೇಕು ಅಂದಳು. ಸಂಘಟನೆಯ ಅಧ್ಯಕ್ಷ ಸಾತಪ್ಪನಿಗೆ ಉಲ್ಲೇಖ, ಇಂಡೆಕ್ಸು ಯಾವುದೂ ತಲೆಗೆ ಹೋಗಲಿಲ್ಲ. ಆಕೆ ಗದ್ದೆಯ ಲೆಕ್ಕದಲ್ಲಿ ಹೇಳಿದ ಮೇಲೆ ಟೇಬಲ್ಲು ಗುದ್ದಿದ.

"ಅಂದ್ರ ತನ್ನ ಗದ್ದ್ಯಾಗ ತಾನ ದುಡದು ಊರಿಗೆ ಮುಯ್ಯಿ ಹಾಕೇನಿ ಅನ್ನಾಕತ್ತಾನ ಮಗ."

ದಾಂಡೇಲಿಯಲ್ಲಿ ಕೇಂದ್ರದ ಮುಂದೆ ಶಾಮಿಯಾನ ಬಿತ್ತು. ಹೆಂಗಸರು ಜೋಯಿಡಾ ಕಡೆಯಿಂದ ಟೆಂಪೋದಲ್ಲಿ ಬಂದರು, ಬುತ್ತಿ ಕಟ್ಟಿಕೊಂಡು. ಯಾವುದಕ್ಕೆ ಧರಣಿ ಅಂತ ಪೂರ್ತಿ ತಿಳಿದವರು ಕಮ್ಮಿ, ಆದರೆ ನಾಜಿಯಾಳಿಗೆ ಅಂದರೆ ಬರುವವರು ಬಹಳ. ಹಿಂದೆ ಅವರ ಗದ್ದೆಗಳಿಗೆ ಆಕೆ ಇಳಿದಿದ್ದಳಲ್ಲ.

ಅಂದಾನೆಪ್ಪ ಒಳಗಿನಿಂದ ಎದ್ದು ಬಂದ. ಶಾಮಿಯಾನದ ಕೆಳಗೆ ಹಳೇ ಕಾಲದ ಹಾಗೆ ನೆಲದ ಮೇಲೇ ಕೂತ. ಮೈಕು ಹಿಡಿದು, ನಿಮ್ಮ ಬೇಡಿಕೆ ನೂರಕ್ಕೆ ನೂರು ನ್ಯಾಯದ್ದು, ಸ್ವಂತ ಉಲ್ಲೇಖ ಯಾರದ್ದೇ ಇರಲಿ ತೆಗೆಸುತ್ತೇನೆ, ಜಗತ್ತಿನಲ್ಲಿ ಒಪ್ಪಿದ ಕ್ರಮ ಏನಿದೆಯೋ ಆ ಕ್ರಮದಲ್ಲೇ ಎಣಿಸುತ್ತೇವೆ, ಇದು ನನ್ನ ಮಾತು ಅಂದ. ಜೈಕಾರ ಬಿತ್ತು. ನಾಜಿಯಾ ಅವನಿಗೆ ನೀರು ತಂದು ಕೊಟ್ಟಳು. ಕುಡಿದು ಆಕೆಯ ತಲೆ ಮುಟ್ಟಿ ಹೋದ.

ಅಂಕಗಳ ಪಟ್ಟಿ ಗೋಡೆಗೆ ಹಚ್ಚಿದ ದಿನ ನಾಜಿಯಾ ಕ್ಲಾಸು ಮುಗಿಸಿ ದಾಂಡೇಲಿಗೆ ಹೋದಳು. ಉಲ್ಲೇಖದ ಕಾಲಮ್ಮಿನಲ್ಲಿ ಆಕೆಯ ಹೆಸರಿನ ಮುಂದೆ ಒಂದು ಅಂತ ಇತ್ತು. ಹತ್ತಲ್ಲ, ಇಪ್ಪತ್ತಲ್ಲ. ಒಂದು. ಹೊರಗಿನವನೂ ನೂರರಿಂದ ಬಿದ್ದಿದ್ದ. ಲೋಕೇಶನದ್ದು ಒಂದೂ ಕಳೆದಿರಲಿಲ್ಲ. ಅವನು ಮೊದಲು.

ಆಕೆ ಕಚೇರಿಯ ಸುನಂದಾ ಮೇಡಂ ಹತ್ತಿರ ಹೋದಳು. ಪಟ್ಟಿ ಮಾಡಿದ ಹೆಂಗಸು ಅವರು, ಯಾರ ಕಡೆಯವರೂ ಅಲ್ಲ. ಎಲ್ಲೋ ಸೊನ್ನೆ ಬಿಟ್ಟುಹೋಗಿದೆ ನೋಡ್ರಿ ಅಂತ ನಾಜಿಯಾ ಕೇಳಿದಳು.

"ಬಿಟ್ಟಿಲ್ರಿ ಮೇಡಂ. ನಿಮ್ಮ ನಾಕೂ ಪೇಪರಿನಾಗ ಅಂದಾನೆಪ್ಪ ಸರ್ ಸಹಲೇಖಕರು. ಅವುನ್ನ ಉಲ್ಲೇಖ ಮಾಡಿದವರು ಯಾರ್ರಿ? ಅಂದಾನೆಪ್ಪ ಸರ್, ಇಲ್ಲಂದ್ರ ಅವರ ಜೋಡಿ ಕೂಡಿ ಬರದವರು. ಕೂಡಿ ಬರದವರೊಳಗ ಯಾರ ಒಬ್ರು ತಮ್ಮ ಪೇಪರ್ ತಾವು ಹೇಳಿಕೊಂಡ್ರೂ ಅದು ಸ್ವಂತದ್ದ ಅಂತ ಹಿಡೀತಾರ. ಎಲ್ಲಾ ಕಡೆ ಹಂಗ."

"ಮತ್ತ ಒಂದು ಯಾರದ್ರಿ?"

"ಒಡಿಶಾದವರು ಯಾರೋ. ನಿಮ್ಮಲ್ಲಿ ಇದ್ದಂಗ ನಮ್ಮಲ್ಲಿನೂ ಐತಿ ಅಂತ ಬರದಾರ."

ಲೋಕೇಶನದ್ದು ಯಾಕೆ ಉಳಿಯಿತು ಅಂತ ನಾಜಿಯಾ ಕೇಳಿದಳು. ಅವನ ಪ್ರಬಂಧಗಳಲ್ಲಿ ಅವನದೊಂದೇ ಹೆಸರು. ಅಂದಾನೆಪ್ಪ ತನ್ನ ಪ್ರತಿಯೊಂದು ಹೊಸ ಲೇಖನದಲ್ಲೂ ಅವನನ್ನು ಉಲ್ಲೇಖಿಸಿದ್ದಾನೆ. ಕಾಗದದ ಮೇಲೆ ಅಂದಾನೆಪ್ಪ ಅವನಿಗೆ ಬೇರೆಯವನು. ಬೇರೆಯವರು ಹೇಳಿದ್ದು ನಿಲ್ಲುತ್ತದೆ. ಸುನಂದಾ ಮೇಡಂ ಇಷ್ಟು ಹೇಳಿ ತಲೆ ತಗ್ಗಿಸಿ, "ಬೇಡಿಕೆ ನಿಮ್ಮದ ಇತ್ತಲ್ರಿ" ಅಂದರು. ಚುಚ್ಚುವುದಕ್ಕೆ ಅಂದದ್ದಲ್ಲ. ಇದ್ದದ್ದನ್ನೇ ಅಂದರು.

ಭಾನುವಾರ ನಾಜಿಯಾ ಮುಂಡಗೋಡಕ್ಕೆ ಹೋದಳು. ಅಂದಾನೆಪ್ಪ ವಾರಕ್ಕೊಮ್ಮೆ ಊರ ಮನೆಗೆ ಬರುತ್ತಾನೆ. ಪಡಸಾಲೆಯಲ್ಲಿ ಕೂರಿಸಿ, ಚಹಾ ಕೊಡಿಸಿ, ಆಕೆ ಹೇಳುವುದನ್ನೆಲ್ಲ ಕೇಳಿದ. ನಡುವೆ ಒಂದೇ ಒಂದು ಸಲವೂ ಬಾಯಿ ಹಾಕಲಿಲ್ಲ. ಭಾಷಣ ಮಾಡುವವನಿಗೆ ಸುಮ್ಮನೆ ಕೇಳುವ ಕಲೆಯೂ ಗೊತ್ತಿರುತ್ತದೆ. ಆಮೇಲೆ ಕಣ್ಣು ಒರೆಸಿಕೊಂಡ.

"ಕೂಡಿ ಬರದದ್ದು ಸ್ವಂತದ್ದರಾಗ ಹೋಗತೈತಿ ಅಂತ ನನಗೂ ಪಟ್ಟಿ ಆದ ಮ್ಯಾಲ ಗೊತ್ತಾತು ಮಗಳ. ನಿಮ್ಮವ್ವನ ಕೈಯಾಗ ಉಂಡೀನಿ, ಸುಳ್ಳ ಹೇಳಲೇನು? ನೀವ ಕೇಳಿದ್ರಿ, ನಾ ಮಾತು ಕೊಟ್ಟಿದ್ದೆ. ಈಗ ನಿನ್ನ ಸಲುವಾಗಿ ತಿರುಗಿಸಿದ್ರ ಜನ ಏನಂದಾರು?"

ಆಕೆ ನಂಬಿದಳು. ನಂಬಿದ್ದಷ್ಟೇ ಅಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಸರ್ ಅಂತ ಅವನಿಗೇ ಸಮಾಧಾನ ಹೇಳಿ ಬಸ್ ಹತ್ತಿದಳು. ಯಂತ್ರ ಮಾಡಿದ ಅನ್ಯಾಯ, ಮನುಷ್ಯ ಮಾಡಿದ್ದಲ್ಲ ಅಂತ ತಾಯಿಗೆ ಹೇಳಿದಳು. ಬಿಬಿಜಾನ್ ಒಲೆಯ ಮುಂದೆ ಮೀನು ಹುರಿಯುತ್ತಿದ್ದಳು.

ಲೋಕೇಶ ಕೆಟ್ಟ ಹುಡುಗ ಅಲ್ಲ. ಇದನ್ನು ಬರೆಯಲೇಬೇಕು. ಹುದ್ದೆಗೆ ಸೇರುವ ಮುಂಚೆ ಹಳಿಯಾಳಕ್ಕೆ ಬಂದು ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದ. ಇಬ್ಬರೂ ಪಕ್ಕದ ಖಾನಾವಳಿಯಲ್ಲಿ ಕೂತರು. ಅವನಿಗೆ ರೊಟ್ಟಿ ಇಳಿಯಲಿಲ್ಲ. ಈ ಹುದ್ದೆ ನಿಮಗೆ ಆಗಬೇಕಿತ್ತು ಅಕ್ಕಾ, ಮುಯ್ಯಾಳಿನ ಬಗ್ಗೆ ನಾನು ಓದಿ ಕಲಿತದ್ದೇ ನಿಮ್ಮ ಲೇಖನದಿಂದ ಅಂದ. ಹಾಗಿದ್ದರೆ ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಯಾಕಿಲ್ಲ ಅಂತ ಆಕೆ ಕೇಳಿದಳು. ಹಾಕಿದ್ದೆ, ಸರ್ ತೆಗೆಸಿದರು ಅಂದ. ಅದರ ಬದಲು ಸರ್ ಅವರ ಆ ಒಂದು ಸಾಲಿನ ಲೇಖನ ಹಾಕಿಸಿದರಂತೆ. ನಾಜಿಯಾ ಎದ್ದು ಕೈ ತೊಳೆಯಲು ಹೊರಟಾಗ, ಸಮಾಧಾನ ಮಾಡುವ ಹಾಗೆ ಅವನು ಇನ್ನೊಂದು ಮಾತು ಅಂದ.

"ನಾನೂ ನಿಮ್ಮಂಗನ ಮೊದಲನೇ ಪೇಪರಿಗೆ ಸರ್ ಹೆಸರು ಮ್ಯಾಲ ಹಾಕಿದ್ದೆ ಅಕ್ಕಾ. ಅವರ ಹೊಡದು ಹಾಕಿದ್ರು. ನನ್ನ ಹೆಸರು ಇತ್ತಂದ್ರ ಮುಂದ ನಾ ನಿನ್ನ ಉಲ್ಲೇಖ ಮಾಡಿದ್ದು ಎಣಿಕಿಗೆ ಬರೂದಿಲ್ಲ, ನೀ ಒಬ್ಬನ ಇರು ಅಂದ್ರು."

ನಾಜಿಯಾ ಕೂತಳು.

"ಯಾವಾಗ ಅಂದಿದ್ರು?"

"ನಾ ಸೇರಿದ ವರ್ಷನ. ಯಾಕ ಅಕ್ಕಾ?"

ಅವನು ಸೇರಿದ ವರ್ಷವೇ ನಾಜಿಯಾ ತನ್ನ ನಾಲ್ಕನೇ ಪ್ರಬಂಧ ಕಳಿಸಿದ್ದಳು. ಅದರ ಮೇಲೆ ಆಕೆ ಅಂದಾನೆಪ್ಪನ ಹೆಸರು ಎರಡನೆಯದಾಗಿ ಹಾಕಿದ್ದಳು, ಅದು ಒಂದು ಸಣ್ಣ ಧೈರ್ಯ. ಅವನು ತಿರುಗಿಸಿ ಮೊದಲನೆಯದಾಗಿ ಮಾಡಿ ಕಳಿಸಿದ್ದ. ಒಂದೇ ಕೈ, ಒಂದೇ ವರ್ಷ. ಒಬ್ಬನ ಹಾಳೆಯ ಮೇಲಿಂದ ತನ್ನ ಹೆಸರು ತೆಗೆದು ಅವನನ್ನು ಉಳಿಸಿದ, ಇನ್ನೊಬ್ಬಳ ಹಾಳೆಯ ಮೇಲೆ ತನ್ನ ಹೆಸರು ಹಾಕಿ ಆಕೆಯನ್ನು ಮುಳುಗಿಸಿದ. ಯಂತ್ರದ ಕಾಯಿದೆ ಅವನಿಗೆ ಗೊತ್ತಿತ್ತು. ಶಾಮಿಯಾನದ ಕೆಳಗೆ ಕೂತು ಮಾತು ಕೊಟ್ಟಾಗಲೂ ಗೊತ್ತಿತ್ತು. ಹೊರಗಿನವನನ್ನು ಹೊಡೆಯಲು ನಾವು ಎತ್ತಿದ ಕಲ್ಲನ್ನು ಅವನು ಕೈ ಮುಗಿದು ಇಸಿದುಕೊಂಡು ನಮ್ಮ ಹುಡುಗಿಯ ಮೇಲೂ ಹಾಕಿದ.

ಯಾಕೆ ಮಾಡಿದ? ಲೋಕೇಶ ಅವನ ಜಾತಿಯವನು ಅಂತ ಕೆಲವರು ಅಂದರು. ಇರಬಹುದು. ಆದರೆ ಅದಕ್ಕಿಂತ ಸರಳ ಕಾರಣ ಬೇರೆ ಇದೆ. ಸಿದ್ದಿಗಳ ಬಗ್ಗೆ ಸಿದ್ದಿ ಹೆಣ್ಣುಮಗಳೇ ಖಾಯಂ ಕುರ್ಚಿಯಲ್ಲಿ ಕೂತು ಬರೆಯತೊಡಗಿದರೆ ಅಂದಾನೆಪ್ಪನನ್ನು ಯಾರು ಕರೆಯುತ್ತಾರೆ? ಬಾಯಿ ಇಲ್ಲದವರಿಗೆ ಬಾಯಾದೆ ಅಂತ ಹೇಳಿಕೊಂಡು ಬದುಕುವವನಿಗೆ ಅವರಿಗೆ ಬಾಯಿ ಬಂದರೆ ಹೊಟ್ಟೆಪಾಡಿನ ಪ್ರಶ್ನೆ.

ಸಂಘಟನೆಯ ವಾರ್ಷಿಕ ಸಭೆ ಆ ಸಲ ಮುಂಡಗೋಡದಲ್ಲಿ. ವೇದಿಕೆಯ ಮೇಲೆ ಸಾತಪ್ಪ, ಪಕ್ಕದಲ್ಲಿ ಮುಖ್ಯ ಅತಿಥಿ ಅಂದಾನೆಪ್ಪ. ಕಾಳಿ ಸೀಮೆಯ ಹೋರಾಟದ ಚರಿತ್ರೆಯ ಬಗ್ಗೆ ಮಾತಾಡಿದ. ಪ್ರಶ್ನೆ ಇದ್ದರೆ ಕೇಳಿರಿ ಅಂದಾಗ ನಾಜಿಯಾ ಎದ್ದು ನಿಂತಳು. ಆ ಜನದಲ್ಲಿ ಬಿಬಿಜಾನಳೂ ಇದ್ದಳು. ಮೈಕು ಕೊಡಲು ಬಂದವನಿಗೆ ನಾಜಿಯಾ ಬೇಡ ಅಂದಳು.

"ಸರ್, ಲೋಕೇಶನ ಪೇಪರಿನಾಗ ನಿಮ್ಮ ಹೆಸರು ಯಾಕಿಲ್ರಿ?"

"ಅವು ಅವನ ಸ್ವತಂತ್ರ ಕೆಲಸ ಮಗಳ."

"ನನ್ನವು?"

ಅಂದಾನೆಪ್ಪ ಸಾತಪ್ಪನ ಮುಖ ನೋಡಿದ. ಆಕೆ ಹೊರಳಿ ಜನಕ್ಕೆ ಹೇಳಿದಳು. ಖಾನಾವಳಿಯಲ್ಲಿ ಕೇಳಿದ್ದನ್ನು, ಇಸವಿ ಸಮೇತ. ಲೋಕೇಶನ ಹೆಸರು ಎತ್ತಿದಳು, ಆದರೆ ಅವನ ಮೇಲೆ ತಪ್ಪು ಹೊರಿಸಲಿಲ್ಲ. ಗುಸುಗುಸು ಎದ್ದಿತು. ಅಂದಾನೆಪ್ಪ ನಿಂತು, ಇದು ವಿಶ್ವವಿದ್ಯಾಲಯದ ಒಳಗಿನ ತಾಂತ್ರಿಕ ವಿಷಯ, ಇಲ್ಲಿ ಚರ್ಚಿಸುವುದು ಸರಿಯಲ್ಲ, ಮಗಳು ನೋವಿನಲ್ಲಿ ಮಾತಾಡುತ್ತಿದ್ದಾಳೆ ಅಂದ. ನೋವು ಅನ್ನುವ ಮಾತನ್ನು ಅವನು ಎಷ್ಟು ಚಂದ ಬಳಸುತ್ತಾನೆ ಅಂದರೆ ಬೇರೆಯವರ ನೋವೂ ಅವನದ್ದೇ ಅನಿಸಬೇಕು.

ಆಗ ಸಂಘಟನೆ ಏನು ಮಾಡಬೇಕಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಮಾಡಿದ್ದು ಇದು. ಸಾತಪ್ಪ ಗಂಟಲು ಸರಿಮಾಡಿಕೊಂಡ.

"ನೋಡವಾ ನಾಜಿಯಾ, ಹೈಕೋರ್ಟಿನಾಗ ನಮ್ಮ ಅರಣ್ಯ ಹಕ್ಕಿನ ಕೇಸಿಗೆ ವರದಿ ಬರದು ಕೊಟ್ಟವರು ಅವರು. ಒಬ್ಬರ ನೌಕರಿ ಸಲುವಾಗಿ ಚಳವಳಿ ಒಡಿಯೂದು ಬ್ಯಾಡ."

ಯಾರೂ ಏಳಲಿಲ್ಲ. ಟೆಂಪೋದಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಅವರ ಗುಡಿಸಲೂ ಆ ಕೇಸಿನಲ್ಲಿತ್ತು. ಅವರನ್ನು ಬೈಯುವುದು ಹೇಗೆ? ಬೈಯಬೇಕಾದವರು ವೇದಿಕೆಯ ಮೇಲೆ ಮತ್ತು ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದರು. ಫಾರೆಸ್ಟಿನವರ ಲಾಠಿ ತಿಂದವರು, ಜೈಲು ಕಂಡವರು. ಒಬ್ಬರಿಗೂ ನಾಲಿಗೆ ಏಳಲಿಲ್ಲ. ಬಿಬಿಜಾನ್ ಮಾತ್ರ ಎದ್ದು, ಸೆರಗು ಝಾಡಿಸಿ, ವೇದಿಕೆಯ ಹತ್ತಿರ ಹೋದಳು. ಜಗಳ ಆಗುತ್ತದೆ ಅಂತ ಹುಡುಗರು ಹಿಂದೆ ಓಡಿದರು. ಆಕೆ ಜಗಳ ಮಾಡಲಿಲ್ಲ. ಅಂದಾನೆಪ್ಪನನ್ನು ಕೆಳಗಿನಿಂದ ನೋಡಿ ಇಷ್ಟೇ ಅಂದಳು:

"ಅಣ್ಣಾರ, ನಿಮ್ಮೂರಾಗೂ ಮುಯ್ಯಾಳು ಐತಲ್ಲ?"

ಮೈಕಿನವನು ಹೋರಾಟದ ಹಾಡು ಹಚ್ಚಿದ.

ಆಮೇಲೆ ನಾಜಿಯಾ ಸಂಘಟನೆಯ ಆಫೀಸಿನ ಮೆಟ್ಟಿಲು ಹತ್ತಿಲ್ಲ. ವಯಸ್ಸಿನ ಮಿತಿ ದಾಟಿತು. ಮಳೆಗಾಲದಲ್ಲಿ ಮತ್ತೆ ಅರ್ಜಿ ಹಾಕಿದಳು, ಮತ್ತೆ ಅತಿಥಿಯಾದಳು. ಆ ವರ್ಷದ ರಜೆಯಲ್ಲಿ ಐದನೇ ಪ್ರಬಂಧ ಬರೆದಳು. ಮುಯ್ಯಾಳು ಎಲ್ಲಿ, ಹೇಗೆ ಮುರಿಯುತ್ತದೆ ಅನ್ನುವುದರ ಬಗ್ಗೆ. ಮೇಲೆ ಒಂದೇ ಹೆಸರು. ಕೊನೆಯ ಪಟ್ಟಿಯಲ್ಲಿ ತಾನು ನಿಜವಾಗಿ ಓದಿ ಬಳಸಿದವರ ಹೆಸರುಗಳಷ್ಟೇ. ಒಡಿಶಾದವರದ್ದೂ ಇತ್ತು. ಅಂದಾನೆಪ್ಪನೊಬ್ಬನದೇ ಹೆಸರಿನ ಲೇಖನ ಒಂದೂ ಇರಲಿಲ್ಲ. ಒಂದು ಒಳ್ಳೆಯ ಪತ್ರಿಕೆಗೆ ಕಳಿಸಿದಳು. ಅಂಥ ಪತ್ರಿಕೆಗಳು ಬಂದದ್ದನ್ನು ಆ ವಿಷಯದ ದೊಡ್ಡವರಿಗೆ ಬರೆದವರ ಹೆಸರು ಹೇಳದೆ ಓದಲು ಕೊಡುತ್ತವೆ. ಓದಿದವರು ಯಾರು ಅಂತ ಬರೆದವರಿಗೂ ಹೇಳುವುದಿಲ್ಲ.

ಬಹಳ ದಿನದ ಮೇಲೆ ಉತ್ತರ ಬಂತು. ಪ್ರಬಂಧ ಚೆನ್ನಾಗಿದೆ, ಪ್ರಕಟಣೆಗೆ ಯೋಗ್ಯ. ಆದರೆ ಈ ಕ್ಷೇತ್ರದ ಪ್ರಮುಖ ವಿದ್ವಾಂಸರ ಕೆಲಸವನ್ನು ಲೇಖಕಿ ಕಡೆಗಣಿಸಿದ್ದಾರೆ, ಕೆಳಗಿನ ಲೇಖನಗಳನ್ನು ಉಲ್ಲೇಖಿಸಿದರೆ ಸ್ವೀಕರಿಸಬಹುದು. ಕೆಳಗೆ ಇದ್ದವು ಎಲ್ಲ ಅಂದಾನೆಪ್ಪನವು. ಸೂಪಾದ್ದು ಇತ್ತು. ಬಿದಿರಿನದ್ದೂ ಇತ್ತು. ಓದಿದವನು ಅಂದಾನೆಪ್ಪನೋ ಅವನ ಶಿಷ್ಯರಲ್ಲಿ ಒಬ್ಬನೋ, ಗೊತ್ತಾಗುವ ದಾರಿ ಇಲ್ಲ.

ಸೇರಿಸಿದರೆ ಆಕೆಯದೊಂದೇ ಹೆಸರಿನ ಮೊದಲ ಪ್ರಬಂಧ ಅಚ್ಚಾಗುತ್ತಿತ್ತು. ಸ್ಟಾಫ್ ರೂಮಿನವರು ಸೇರಿಸಿ ಬಿಡ್ರಿ ಮೇಡಂ, ಹೆಸರು ಹಾಕಿದರೆ ಏನು ಸವೆಯುತ್ತದೆ ಅಂದರು. ನಾಜಿಯಾ ಮಧ್ಯಾಹ್ನದ ಬಿಡುವಿನಲ್ಲಿ ಸಂಪಾದಕರಿಗೆ ಉತ್ತರ ಬರೆದಳು.

"ನೀವು ಸೂಚಿಸಿದ ಲೇಖನಗಳನ್ನು ಓದಿದ್ದೇನೆ. ಅವುಗಳಲ್ಲಿ ಕೆಲವನ್ನು ನಾನೇ ಬರೆದಿದ್ದೇನೆ. ಸೇರಿಸುವುದಿಲ್ಲ."

ಪ್ರಬಂಧ ವಾಪಸ್ ಬಂತು.